ಪೋಷಣಶಾಸ್ತ್ರದ ಅರೆಕಾಲಿಕ ಪದವಿ: ಬಳಸುವ ಕ್ರಮ

ಡಬ್ಬ ಬಿಚ್ಚುವ ಮುನ್ನ

ಈ ಮಾದರಿಯ ತಯಾರಿಕೆ ನಿಂತಿದೆ. ಹೊಸದಾಗಿ ಕೊಳ್ಳಲು ಬಂದವರು ಇಲ್ಲಿಂದಲೇ ವಾಪಸು ಹೋಗಬಹುದು. 2025ರ ಆಗಸ್ಟಿನಲ್ಲಿ ಯುಜಿಸಿ ಒಂದು ಫರ್ಮಾನು ಹೊರಡಿಸಿತು. ಮನಶ್ಶಾಸ್ತ್ರ, ಸೂಕ್ಷ್ಮಜೀವಿಶಾಸ್ತ್ರ, ಆಹಾರ ಮತ್ತು ಪೋಷಣಶಾಸ್ತ್ರ, ಡಯಟೆಟಿಕ್ಸ್ ಮುಂತಾದವನ್ನು ಆನ್‌ಲೈನಿನಲ್ಲಾಗಲಿ ದೂರಶಿಕ್ಷಣದಲ್ಲಾಗಲಿ ಕಲಿಸಕೂಡದು, ಆ ಸಾಲಿನಿಂದಲೇ ಹೊಸಬರನ್ನು ಸೇರಿಸಿಕೊಳ್ಳಕೂಡದು ಎಂದಿತು. ನಾನು 2023ರಲ್ಲೇ ಮನೆಗೆ ತಂದವನು. ಎರಡು ವರ್ಷದ ಎಂಎಸ್‌ಸಿಯ ಮೂರನೆಯ ವರ್ಷದಲ್ಲಿದ್ದೇನೆ. ಬಯೋಕೆಮಿಸ್ಟ್ರಿ ಇನ್ನೂ ಬಾಕಿ. ಕಂಪನಿ ಚೇತಕ್ ಸ್ಕೂಟರ್ ಮಾಡುವುದನ್ನು ನಿಲ್ಲಿಸಿದ ಮೇಲೂ ಅದನ್ನು ಓರೆ ಮಾಡಿ, ಒದ್ದು ಸ್ಟಾರ್ಟ್ ಮಾಡಿಕೊಂಡು ಓಡಾಡುತ್ತಿದ್ದವರು ಇದ್ದರಲ್ಲ, ಆ ಜಾತಿ. ಹಾಗಾಗಿ ಈ ಕೈಪಿಡಿ ಈಗಾಗಲೇ ಸಿಕ್ಕಿಹಾಕಿಕೊಂಡವರಿಗೆ ಮಾತ್ರ.

ಯುಜಿಸಿ ಮಾಡಿದ್ದು ಸರಿಯೋ ತಪ್ಪೋ ಎಂದು ನನ್ನನ್ನು ಕೇಳಿದರೆ ಸರಿ ಎನ್ನುತ್ತೇನೆ. ವಾರ್ಡಿನ ವಾಸನೆಯನ್ನೇ ಕಾಣದೆ, ಮೂಗಿಗೆ ನಳಿಗೆ ಹಾಕಿಸಿಕೊಂಡು ಮಲಗಿದವನ ಮುಂದೆ ಒಂದು ದಿನವೂ ನಿಲ್ಲದೆ, ಅಡುಗೆಮನೆಯ ಪಕ್ಕದ ಟೇಬಲ್ಲಿನಲ್ಲಿ ಕೂತು ಆಹಾರತಜ್ಞನಾಗಬಹುದು ಎಂದು ನಾನೂ ನಂಬಿರಲಿಲ್ಲ. ಫೀಸು ಕಟ್ಟುವಾಗ ಮಾತ್ರ ನಂಬಿದ್ದೆ.

ಯಾರು ಬಳಸಬಹುದು

ಕೆಲಸ ಮಾಡುವ ಬ್ಯಾಂಕಿನವರು ವರ್ಷಕ್ಕೊಮ್ಮೆ ಮಾಡಿಸುವ ರಕ್ತಪರೀಕ್ಷೆಯಲ್ಲಿ ಎಚ್‌ಬಿಎ1ಸಿ 6.1 ಬಂದಿರುವವರು. 5.7ರಿಂದ ಗಡಿ, 6.5 ಮುಟ್ಟಿದರೆ ಸಕ್ಕರೆ ಕಾಯಿಲೆ. ಡಾಕ್ಟರು ಮೂರು ನಿಮಿಷದಲ್ಲಿ, 'ಊಟ ಕಂಟ್ರೋಲ್ ಮಾಡಿ, ವಾಕ್ ಮಾಡಿ, ಆರು ತಿಂಗಳು ಬಿಟ್ಟು ಬನ್ನಿ' ಅಂದರು. ಬುದ್ಧಿ ಇರುವವನು ಆಚೆ ಬಂದು ಒಂದು ಜೊತೆ ಶೂ ಕೊಳ್ಳುತ್ತಾನೆ. ನಾನು ಪದವಿಗೆ ಸೇರಿದೆ. ಆಗ ನನಗೆ ನಲವತ್ತೇಳು. ಅನ್ನಕ್ಕೆ ಎಷ್ಟು ನೀರಿಡಬೇಕು ಎಂಬುದೂ ಗೊತ್ತಿರಲಿಲ್ಲ.

ಡಬ್ಬದೊಳಗೆ ಏನಿದೆ

ಒಂದು ಪಾಸ್‌ವರ್ಡ್, ನಾಲ್ಕು ಸೆಮಿಸ್ಟರ್, ಎಣಿಸಲಾಗದಷ್ಟು ಪಿಡಿಎಫ್. ಜೊತೆಗೆ ಒಂದು ವಾಟ್ಸಾಪ್ ಗುಂಪು. ಅದರಲ್ಲಿ ಒಬ್ಬ ಜಿಮ್ ತರಬೇತುದಾರ, ಇಬ್ಬರು ಯೋಗ ಟೀಚರು, ದುಬೈಯಲ್ಲಿ ನರ್ಸ್ ಆಗಿರುವ ಉಡುಪಿ ಕಡೆಯ ಒಬ್ಬರು. ಪಾಠ ಅರ್ಥವಾಗದಾಗ ಉತ್ತರ ಕೊಡುತ್ತಿದ್ದುದು ಆಕೆಯೊಬ್ಬರೇ. ಅದೂ ನೈಟ್ ಡ್ಯೂಟಿ ಮುಗಿಸಿ ಬಂದ ಮೇಲೆ.

ಡಬ್ಬದಲ್ಲಿ ಇಲ್ಲದ್ದು: ತಕ್ಕಡಿ, ಹೊತ್ತು, ಬೆನ್ನಿಗೆ ಆನಿಕೆ ಇರುವ ಕುರ್ಚಿ. ಇವನ್ನು ಬಳಕೆದಾರರೇ ಹೊಂದಿಸಿಕೊಳ್ಳತಕ್ಕದ್ದು.

ಒಂದು ಪುಸ್ತಕವನ್ನಂತೂ ಅಚ್ಚು ಹಾಕಿಸಿ ಇಟ್ಟುಕೊಳ್ಳಿ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ 2017ರಲ್ಲಿ ತಂದ ಭಾರತೀಯ ಆಹಾರಗಳ ಕೋಷ್ಟಕ. 528 ಆಹಾರಗಳು, ಒಂದೊಂದರಲ್ಲೂ ಏನೇನು ಎಷ್ಟೆಷ್ಟು ಎಂಬ ಲೆಕ್ಕ. ಈ ಸಂಸ್ಥೆ ಶುರುವಾಗಿದ್ದು 1918ರಲ್ಲಿ, ಕೂನೂರಿನಲ್ಲಿ, ಬೆರಿಬೆರಿ ರೋಗದ ವಿಚಾರಣೆಗೆಂದು. ರಾಬರ್ಟ್ ಮೆಕ್ಯಾರಿಸನ್ ಎಂಬ ವೈದ್ಯ ಕಟ್ಟಿದ್ದು. ಪಾಲಿಶ್ ಮಾಡಿದ ಅಕ್ಕಿ ತಿಂದವರ ಕಾಲು ಜೋಮು ಹಿಡಿಯುವುದೇಕೆ ಎಂಬಲ್ಲಿಂದ ಹೊರಟವರು ಬೂದುಗುಂಬಳದ ತನಕ ಬಂದಿದ್ದಾರೆ. ಪಠ್ಯದ ಉಳಿದ ಪುಸ್ತಕಗಳಲ್ಲಿ ಓಟ್ಸು, ಬೇಗಲ್ಲು, ಕೇಲ್ ಸೊಪ್ಪು. ಕೇಲ್ ಎಂದರೇನೆಂದು ಅವ್ವ ಕೇಳಿದಳು. ಫೋಟೋ ತೋರಿಸಿದೆ. 'ಎಲೆಕೋಸು ಗಡ್ಡೆ ಕಟ್ಟದೆ ಕೆಟ್ಟೋಗಿದೆ' ಅಂದಳು. ಸಸ್ಯಶಾಸ್ತ್ರದ ಪ್ರಕಾರ ಅದು ಅಷ್ಟೇನೂ ತಪ್ಪಲ್ಲ.

ಅಳವಡಿಸುವ ಜಾಗ

ಲೈಫ್‌ಸ್ಟೈಲ್ ಮೆಡಿಸಿನ್ ಎಂಬ ವಿಭಾಗ ಆರು ಕಂಬಗಳ ಮೇಲೆ ನಿಂತಿದೆ: ಊಟ, ಓಡಾಟ, ನಿದ್ದೆ, ಮನಸ್ಸಿನ ಒತ್ತಡವನ್ನು ನಿಭಾಯಿಸುವುದು, ಚಟಗಳಿಂದ ದೂರ, ಜನರ ಒಡನಾಟ. ಯಂತ್ರವನ್ನು ಊಟದ ಟೇಬಲ್ಲಿನ ಮೇಲೆ ರಾತ್ರಿ ಹತ್ತಕ್ಕೆ ಹೂಡಿ. ನಿದ್ದೆಯ ಕಂಬ ಅಲ್ಲಿಗೆ ಮುರಿಯಿತು. ವಿಡಿಯೋ ಪಾಠ ಎರಡು ಗಂಟೆ. 'ದೀರ್ಘಕಾಲ ಕೂರುವುದರ ದುಷ್ಪರಿಣಾಮಗಳು' ಎಂಬ ಪಾಠವನ್ನು ನಾನು ಒಂದು ಸಲವೂ ಮೇಲೇಳದೆ ಕೇಳಿದ್ದೇನೆ. ಅಸೈನ್‌ಮೆಂಟ್ ಸಲ್ಲಿಸುವ ಗಡುವು 11 ಗಂಟೆ 59 ನಿಮಿಷ, 11.57ಕ್ಕೆ ಕರೆಂಟು ಹೋಗುತ್ತದೆ. ಕಾಫಿ ದಿನಕ್ಕೆ ಎರಡಿದ್ದದ್ದು ಐದಾಯಿತು. ಸೋದರಳಿಯನ ಮದುವೆಗೆ ಧಾರೆ ಮುಗಿದ ಮೇಲೆ ಹೋದೆ, ಎರಡನೆಯ ಪಂಕ್ತಿಗೆ ಮುಂಚೆ ಎದ್ದು ಬಂದೆ. ಮೊದಲ ವರ್ಷದ ಕೊನೆಗೆ ನನ್ನ ತೂಕ ಮೂರೂವರೆ ಕಿಲೋ ಏರಿತ್ತು. ಇದು ಯಂತ್ರದ ದೋಷವಲ್ಲ.

ಮೊದಲ ಬಳಕೆ: ತೂಗುವುದು

ಪ್ರಾಕ್ಟಿಕಲ್ಲಿಗೆ ಮೂರು ದಿನ ಮನೆಯ ಊಟವನ್ನು ತೂಗಿ ಬರೆಯಬೇಕು. ಆನ್‌ಲೈನಿನಲ್ಲಿ ಒಂದು ಡಿಜಿಟಲ್ ತಕ್ಕಡಿ ತರಿಸಿ ಒಲೆಯ ಪಕ್ಕ ಇಟ್ಟೆ. ಅವ್ವ ಕೆ.ಆರ್. ಪೇಟೆ ಕಡೆಯವಳು, ಎಪ್ಪತ್ತಾರು ವರ್ಷ. ತಕ್ಕಡಿಯನ್ನು ನೋಡಿದಳು, ನನ್ನನ್ನು ನೋಡಿದಳು.

'ತಿನ್ನೋ ಹಿಟ್ಟನ್ನ ತೂಗ್ತಾರೇನ್ಲಾ? ದೃಷ್ಟಿ ಆಯ್ತದೆ.'

ಆದರೂ ಕೊಟ್ಟಳು. ಕುದಿಯುವ ಎಸರಿಗೆ ಹಿಟ್ಟು ಸುರಿದು, ಕೋಲು ಹಾಕಿ ತೊಳಸಿ, ಪಾತ್ರೆಯನ್ನು ಎರಡು ಪಾದದ ನಡುವೆ ಒತ್ತಿ ಹಿಡಿದು, ಗಂಟಿಲ್ಲದಂತೆ ತಿರುವಿ, ಒದ್ದೆ ಕೈಯಲ್ಲಿ ಮೂರು ಮುದ್ದೆ ಕಟ್ಟಿ ಹಲಗೆಯ ಮೇಲೆ ಇಟ್ಟಳು. ತೂಗಿದೆ. 338 ಗ್ರಾಂ. ಎರಡನೆಯದು 341. ಮೂರನೆಯದು 336. ತಕ್ಕಡಿ ಕೆಟ್ಟಿದೆಯೇನೋ ಎಂದು ಒಂದು ಕಿಲೋ ಸಕ್ಕರೆ ಪೊಟ್ಟಣ ಇಟ್ಟು ನೋಡಿದೆ. ಸರಿಯಾಗಿತ್ತು. ಅವ್ವ ನನ್ನತ್ತ ನೋಡಲೂ ಇಲ್ಲ.

ಒಂದು ಮುದ್ದೆಗೆ ಸುಮಾರು 110 ಗ್ರಾಂ ಹಿಟ್ಟು. ಕೋಷ್ಟಕದ ಪ್ರಕಾರ 100 ಗ್ರಾಂ ರಾಗಿಯಲ್ಲಿ 364 ಮಿಲಿಗ್ರಾಂ ಸುಣ್ಣ. ಅಂದರೆ ಒಂದು ಮುದ್ದೆಗೆ 400. ವಯಸ್ಕರಿಗೆ ದಿನಕ್ಕೆ ಬೇಕಾದ 1000ದಲ್ಲಿ ಅದು ಕಡಿಮೆಯೇನಲ್ಲ. ಇದನ್ನು ಓದಿ ಹಿಗ್ಗಬೇಡಿ, ಮುಂದಿನ ಪುಟದಲ್ಲೇ ಫೈಟೇಟ್ ಬರುತ್ತದೆ. ಕಾಳಿನೊಳಗಿನ ಈ ವಸ್ತು ಸುಣ್ಣ, ಕಬ್ಬಿಣಗಳನ್ನು ಹಿಡಿದುಕೊಂಡು ಕರುಳಿಗೆ ಪೂರ್ತಿ ಬಿಟ್ಟುಕೊಡುವುದಿಲ್ಲ. ಮೊಳಕೆ ಕಟ್ಟಿದರೆ ಅದರ ಹಿಡಿತ ಸಡಿಲವಾಗುತ್ತದೆ. ಇನ್ನು, 'ಮುದ್ದೆ ತಿಂದರೆ ಸಕ್ಕರೆ ಏರಲ್ಲ' ಎಂಬ ಮಾತು. 2023ನ್ನು ಸಿರಿಧಾನ್ಯಗಳ ಅಂತರರಾಷ್ಟ್ರೀಯ ವರ್ಷವೆಂದು ಸಾರಿದ ಮೇಲಂತೂ ಬ್ಯಾಂಕಿನ ಕ್ಯಾಂಟೀನಿನಲ್ಲಿ ಇದನ್ನು ಹೇಳದವರಿಲ್ಲ. 100 ಗ್ರಾಂ ರಾಗಿಯಲ್ಲಿ 320 ಕ್ಯಾಲೊರಿ, ಅಕ್ಕಿಯಲ್ಲಿ 356. ಅಂತರ ಅಷ್ಟೇ. ನಾರು ರಾಗಿಯಲ್ಲಿ ಹೆಚ್ಚು, ನಿಜ. ಆದರೆ ನುಣ್ಣಗೆ ಬೀಸಿ, ಜರಡಿ ಹಿಡಿದು, ಚೆನ್ನಾಗಿ ಬೇಯಿಸಿ ಎರಡು ಮುದ್ದೆ ನುಂಗಿದರೆ ರಕ್ತಕ್ಕೆ ರಾಗಿಯ ಮೇಲೆ ವಿಶೇಷ ದಾಕ್ಷಿಣ್ಯವೇನೂ ಇರುವುದಿಲ್ಲ. ಈ ಮಾತನ್ನು ಮಂಡ್ಯ ಜಿಲ್ಲೆಯ ಗಡಿಯೊಳಗೆ ಗಟ್ಟಿಯಾಗಿ ಆಡಬೇಡಿ.

ಎಣ್ಣೆಯ ಲೆಕ್ಕವನ್ನು ಊಟದ ಹೊತ್ತಿನಲ್ಲಿ ಮಾಡಬಾರದು. ನಾನು ಮಾಡಿದೆ. ಅದೇ ಹೈದರಾಬಾದಿನ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಸೂತ್ರಗಳ ತಟ್ಟೆಯಲ್ಲಿ 2000 ಕ್ಯಾಲೊರಿಗೆ ದಿನಕ್ಕೆ 27 ಗ್ರಾಂ ಎಣ್ಣೆ. ನಮ್ಮ ಮನೆಗೆ ತಿಂಗಳಿಗೆ ಐದು ಲೀಟರಿನ ಕ್ಯಾನು. ಲೀಟರಿಗೆ 910 ಗ್ರಾಂ ಎಂದರೆ, ನಾಲ್ಕು ಜನಕ್ಕೆ ತಲಾ 38 ಗ್ರಾಂ. 'ನಾವು ಹನ್ನೊಂದು ಗ್ರಾಂ ಜಾಸ್ತಿ ತಿಂತಿದೀವಿ' ಎಂದು ಘೋಷಿಸಿದೆ. ನನ್ನ ಹೆಂಡತಿ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಾಳೆ. 'ತಲಾ ಅನ್ನೋದು ಸರಾಸರಿ' ಅಂದಳು, 'ಪೂರಿ ಎಷ್ಟೆಷ್ಟು ತಿಂದ್ರಿ ಅಂತ ಒಬ್ಬೊಬ್ಬರದೇ ತೆಗೀರಿ.' ತೆಗೆಯಲಿಲ್ಲ.

ಸಿದ್ಧಾಂತ: ಬಸ್ಸು ಮತ್ತು ಮಿಷನ್ ಆಸ್ಪತ್ರೆ

ಈ ಭಾಗಕ್ಕೆ ಅಂಕ ಕಡಿಮೆ, ಆದರೆ ಇದಕ್ಕೋಸ್ಕರ ಇಡೀ ಕೋರ್ಸನ್ನು ಕ್ಷಮಿಸಬಹುದು. 1953ರಲ್ಲಿ ಜೆರ್ರಿ ಮಾರಿಸ್ ಎಂಬಾತ ಲಂಡನ್ನಿನ ಡಬಲ್ ಡೆಕ್ಕರ್ ಬಸ್ಸುಗಳ ನೌಕರರನ್ನು ಹಿಡಿದು ನೋಡಿದ. ದಿನವಿಡೀ ಕೂತಿರುವ ಡ್ರೈವರಿಗಿಂತ, ದಿನವಿಡೀ ಮೆಟ್ಟಿಲು ಹತ್ತಿಳಿಯುವ ಕಂಡಕ್ಟರಿಗೆ ಹೃದಯಾಘಾತ ಕಡಿಮೆ. ಓಡಾಟಕ್ಕೂ ಹೃದಯಕ್ಕೂ ಗಂಟು ಹಾಕಿದ ಮೊದಲ ದೊಡ್ಡ ಅಧ್ಯಯನ ಅದು. ನನಗೆ ಇಷ್ಟವಾದದ್ದು ಅದರ ಮುಂದಿನ ಕಥೆ. ಮೂರು ವರ್ಷ ಬಿಟ್ಟು ಅದೇ ಜನ ಯೂನಿಫಾರಂ ಅಳತೆಗಳನ್ನು ತೆಗೆದು ನೋಡಿದರೆ, ಡ್ರೈವರುಗಳ ಪ್ಯಾಂಟಿನ ಸೊಂಟ ಮೊದಲಿಂದಲೂ ದೊಡ್ಡದು! ಕೂತು ಕೂತು ದಪ್ಪಗಾದರೋ, ದಪ್ಪಗಿದ್ದವರೇ ಕೂರುವ ಕೆಲಸಕ್ಕೆ ಹೋದರೋ? ತಮ್ಮದೇ ಮಾತಿಗೆ ತಾವೇ ಅಡ್ಡಗಾಲು ಹಾಕಿ ಅದನ್ನೂ ಅಚ್ಚು ಹಾಕಿಸಿದರಲ್ಲ, ಅದು ದೊಡ್ಡದು. ಹೆಂಗಸರಿಗೆ ಪುಕ್ಕಟೆ ಪ್ರಯಾಣದ ಶಕ್ತಿ ಯೋಜನೆ ಬಂದ ಮೇಲಿನ ನಮ್ಮ ಬಸ್ಸುಗಳಲ್ಲಿ ಈ ಅಧ್ಯಯನ ನಡೆಯುವ ಹಾಗಿಲ್ಲ. ಕಂಡಕ್ಟರಿಗೆ ಅಲುಗಾಡಲೂ ಜಾಗವಿಲ್ಲ.

ಎರಡನೆಯದು ನನ್ನನ್ನು ಕುರ್ಚಿಯಿಂದ ಎಬ್ಬಿಸಿತು. ರಾತ್ರಿ ಹನ್ನೆರಡೂವರೆ. ಪಾಠ ಮಾಡುವವರು ಭ್ರೂಣದ ಪೋಷಣೆಯ ಬಗ್ಗೆ ಹೇಳುತ್ತ 'ಮೈಸೋರ್ ಸ್ಟಡಿ' ಅಂದರು. ನಮ್ಮ ಹೋಲ್ಡ್ಸ್‌ವರ್ತ್ ಆಸ್ಪತ್ರೆ. ಊರವರ ಬಾಯಲ್ಲಿ ಮಿಷನ್ ಆಸ್ಪತ್ರೆ. 1934ರಿಂದ ಅಲ್ಲಿ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆಯನ್ನು ಲೆಡ್ಜರುಗಳಲ್ಲಿ ಬರೆದಿಡುತ್ತ ಬಂದಿದ್ದರು. ಆರು ದಶಕ ಕಳೆದ ಮೇಲೆ ಸಂಶೋಧಕರು ಆ ಲೆಡ್ಜರು ಹಿಡಿದು, ಅದರಲ್ಲಿದ್ದವರನ್ನು ಇದೇ ಮೈಸೂರಿನಲ್ಲಿ ಹುಡುಕಿ ಪರೀಕ್ಷೆ ಮಾಡಿದರು. ಹುಟ್ಟುವಾಗ ಸಣ್ಣಗಿದ್ದವರಲ್ಲಿ ನಡುವಯಸ್ಸಿನ ಹೃದಯದ ಕಾಯಿಲೆ ಹೆಚ್ಚಾಗಿತ್ತು. ಬಸುರಿ ಹೆಂಗಸು ಆವತ್ತು ಉಂಡದ್ದು, ಉಣ್ಣದ್ದು, ಐವತ್ತು ವರ್ಷದ ನಂತರ ಮಗನ ಎದೆಯಲ್ಲಿ ಕಾಣಿಸಿಕೊಳ್ಳುವ ಲೆಕ್ಕ. ನಾನು ಆ ಆಸ್ಪತ್ರೆಯ ಗೇಟಿನ ಮುಂದೆ ಸಾವಿರ ಸಲ ಸ್ಕೂಟರಿನಲ್ಲಿ ಹೋಗಿದ್ದೇನೆ. ಯಾವ ಊರಿನಿಂದಲೋ ಪಾಠ ಮಾಡುವವರ ಬಾಯಿಂದ ಅದರ ಸುದ್ದಿ ತಿಳಿಯಬೇಕಾಯಿತು.

ಎಚ್ಚರಿಕೆ

ಈ ಪದವಿಯನ್ನು ನೆರೆಹೊರೆಯವರ ಕೈಗೆ ಎಟುಕದಂತೆ ಇಡಿ. ನಮ್ಮ ಬೀದಿಯ ನಿವೃತ್ತ ಮೇಷ್ಟ್ರೊಬ್ಬರು ಒಂದು ಸಂಜೆ ಗೇಟಿನ ಬಳಿಯೇ ಕೇಳಿದರು: 'ನೀವು ಲೈಫ್‌ಸ್ಟೈಲ್ ಓದ್ತಿದೀರಂತೆ. ಶುಗರ್ ಮಾತ್ರೆ ಬಿಟ್ಟುಬಿಡ್ಲಾ?' ಅವರ ಕಣ್ಣಿನಲ್ಲಿದ್ದ ಆಸೆ ನೋಡಿ ಹೂಂ ಅನ್ನಬೇಕೆನಿಸಿತು. ಅನ್ನಬೇಡಿ. ನಿಮಗೆ ಸಿಗುವುದು ಎಂಎಸ್‌ಸಿ, ಎಂಬಿಬಿಎಸ್ ಅಲ್ಲ. ಮಾತ್ರೆ ಬರೆದವರೇ ಅದನ್ನು ಇಳಿಸಬೇಕು, ಬಿಡಿಸಬೇಕು.

ಈ ಆಸೆ ಹುಟ್ಟುವುದು 58 ಎಂಬ ಅಂಕಿಯಿಂದ. ಅಮೆರಿಕದ ಮಧುಮೇಹ ತಡೆ ಅಧ್ಯಯನ 2002ರಲ್ಲಿ ಹೇಳಿದ್ದು ಇದು: ಗಡಿಯಲ್ಲಿದ್ದವರು ತೂಕ ಶೇ. 7 ಇಳಿಸಿ ವಾರಕ್ಕೆ 150 ನಿಮಿಷ ನಡೆಯುವಂತೆ ಮಾಡಿದರೆ ಕಾಯಿಲೆ ಬರುವ ಸಂಭವ ಶೇ. 58ರಷ್ಟು ಕಡಿಮೆ, ಮೆಟ್‌ಫಾರ್ಮಿನ್ ಕೊಟ್ಟರೆ ಶೇ. 31ರಷ್ಟು. ಈ ಸ್ಲೈಡು ಪ್ರತಿ ಸೆಮಿಸ್ಟರಿನಲ್ಲೂ ಬಂತು. ಚೆನ್ನೈನ ರಾಮಚಂದ್ರನ್ ಅವರ ತಂಡ ನಮ್ಮ ಜನರ ಮೇಲೆ ನಡೆಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನ ಒಂದೇ ಒಂದು ಸಲ ಬಂತು: ನಡಿಗೆ, ಪಥ್ಯದಿಂದ ಶೇ. 28.5, ಮಾತ್ರೆಯಿಂದ ಶೇ. 26.4. ಎರಡನ್ನೂ ಸೇರಿಸಿ ಕೊಟ್ಟಾಗಲೂ ಹೆಚ್ಚಿನ ಲಾಭವಿಲ್ಲ. ನಮ್ಮವರು ಅಮೆರಿಕದವರಷ್ಟು ದಪ್ಪಗಿರದೆಯೇ ಸಕ್ಕರೆ ತಂದುಕೊಳ್ಳುವವರು. ಇನ್ನೊಂದನ್ನೂ ಸ್ಲೈಡು ಹೇಳುವುದಿಲ್ಲ. ಅಮೆರಿಕದಲ್ಲಿ ಒಬ್ಬೊಬ್ಬರಿಗೂ ಒಬ್ಬ ಮಾರ್ಗದರ್ಶಿ, ಹದಿನಾರು ಪಾಠ, ಆಮೇಲೂ ಬೆನ್ನು ಹತ್ತಿ ವಿಚಾರಿಸುವುದು. 'ಊಟ ಕಂಟ್ರೋಲ್ ಮಾಡಿ, ವಾಕ್ ಮಾಡಿ' ಎಂಬ ಮೂರು ನಿಮಿಷದ ಫಲ ಅದಲ್ಲ.

ಮೇಷ್ಟ್ರು ಈಗ ಮಾತ್ರೆಯನ್ನೂ ನುಂಗುತ್ತಾರೆ, ಸಂಜೆ ನಡೆಯುತ್ತಾರೆ ಕೂಡ. ದಾರಿಯಲ್ಲಿ ಸಿಕ್ಕವರಿಗೆಲ್ಲ, ಮಾತ್ರೆ ಬಿಡಿಸಲಾರದ ಎಂಎಸ್‌ಸಿ ಎಂಥದ್ದು ಎನ್ನುತ್ತಾರಂತೆ.

ಪರೀಕ್ಷೆಯ ದಿನ

ಕ್ಯಾಮೆರಾ ತಿರುಗಿಸಿ ಕೋಣೆಯ ನಾಲ್ಕು ಮೂಲೆ ತೋರಿಸಿ. ದೇವರ ಪಟಕ್ಕೆ ಬಟ್ಟೆ ಮುಚ್ಚಿ. ಒಮ್ಮೆ ತಂತ್ರಾಂಶ ಲಕ್ಷ್ಮೀನರಸಿಂಹನನ್ನು 'ಇನ್ನೊಬ್ಬ ವ್ಯಕ್ತಿ' ಎಂದು ಗುರುತಿಸಿತು. ಎರಡನೆಯ ಸೆಮಿಸ್ಟರಿನಲ್ಲಿ ಅವ್ವ ಹಾಲಿನ ಲೋಟ ಹಿಡಿದು ಒಳಗೆ ಬಂದಳು. ಪರದೆ ಕೆಂಪಾಯಿತು. ಆಗ ನನ್ನ ಮುಂದಿದ್ದ ಪ್ರಶ್ನೆ: ಜನರ ಒಡನಾಟ ಆರೋಗ್ಯವನ್ನು ಕಾಪಾಡುವ ಬಗೆಯನ್ನು ವಿವರಿಸಿ. ಕೈಯಾಡಿಸಿ ಅವಳನ್ನು ಹೊರಗೆ ಕಳಿಸಿ ಉತ್ತರ ಬರೆದೆ. ಹತ್ತಕ್ಕೆ ಎಂಟು ಬಂತು.

ಗ್ರಾಹಕ ಸೇವೆ

ಹಿಂದಿನ ಇಪ್ಪತ್ತನಾಲ್ಕು ಗಂಟೆಯಲ್ಲಿ ಒಬ್ಬರು ತಿಂದದ್ದನ್ನೆಲ್ಲ ಕೇಳಿ ಬರೆದುಕೊಳ್ಳುವುದು ಈ ವಿದ್ಯೆಯ ಮೂಲ ಉಪಕರಣ. ಅಮೆರಿಕದ ಕೃಷಿ ಇಲಾಖೆಯವರು ಇದಕ್ಕೆ ಐದು ಹಂತ ಮಾಡಿದ್ದಾರೆ. ಮೊದಲು ಬಾಯಿಗೆ ಬಂದ ಹಾಗೆ ಹೇಳಿಸುವುದು, ಆಮೇಲೆ ಮರೆತಿರಬಹುದಾದ ಕಾಫಿ, ಸಿಹಿ, ಕುರುಕಲುಗಳನ್ನು ಹೆಸರು ಹಿಡಿದು ಕೇಳುವುದು, ಆಮೇಲೆ ಎಷ್ಟು ಹೊತ್ತಿಗೆ, ಆಮೇಲೆ ಎಷ್ಟು, ಕೊನೆಗೆ ಎಲ್ಲ ಮುಗಿದ ಮೇಲೆ ಇನ್ನೊಂದು ಸಲ ಮೆಲ್ಲಗೆ, 'ಇನ್ನೇನಾದರೂ?' ಬೈಯಬಾರದು, ಹುಬ್ಬೇರಿಸಬಾರದು. ಅಭ್ಯಾಸಕ್ಕೆ ಮನೆಯಲ್ಲಿ ಸಿಕ್ಕವರನ್ನು ಕೂರಿಸಿಕೊಳ್ಳಿ.

'ನಿನ್ನೆ ಏನ್ ತಿಂದೆ ಅವ್ವ?'

'ಎಲ್ಲಾ ತಿಂದಿದ್ದೇ ತಿಂದೆ.'

'ಎಲ್ಲಾ ತಿಂದಿದ್ದು ಏನು?'

'ನೀನು ತಿನ್ನಿಲ್ವಾ? ನಿಂಗೊತ್ತಿಲ್ವಾ?'

ಗೊತ್ತಿರಲಿಲ್ಲ. ಮಧ್ಯಾಹ್ನ ಡಬ್ಬಿಯಲ್ಲಿ ಏನಿತ್ತು ಎಂಬುದು ನನ್ನ ನೆನಪಿನಲ್ಲೇ ಇರಲಿಲ್ಲ.

ಮೊದಲ ಹಂತದಲ್ಲಿ ಸಿಕ್ಕಿದ್ದು 610 ಕ್ಯಾಲೊರಿ. ಅಷ್ಟರಲ್ಲಿ ಯಾರೂ ಬದುಕುವುದಿಲ್ಲ. ಎರಡನೆಯ ಹಂತಕ್ಕೆ ಒಂದೊಂದೇ ಹೊರಬಂತು. ಕಾಫಿ ಮೂರು ಸಲ, ಸಕ್ಕರೆ ಎರಡೆರಡು ಚಮಚ ('ಕಾಫಿ ಊಟ ಅಲ್ವಲ್ಲ'). ಮೊಮ್ಮಗಳು ತಟ್ಟೆಯಲ್ಲಿ ಬಿಟ್ಟು ಹೋದ ಚಿತ್ರಾನ್ನ ('ಎಸೆಯಕ್ಕಾಯ್ತದಾ'). ಪಾತ್ರೆಯ ತಳ ಕೆರೆದದ್ದು. ಗುಡಿಯಲ್ಲಿ ಕೊಟ್ಟ ಸಿಹಿ ಪೊಂಗಲು. ಅದನ್ನು ಬರೆಯಲು ಹೋದಾಗ ಮಾತ್ರ ನನ್ನ ಕೈ ಹಿಡಿದಳು. ಪ್ರಸಾದ ಲೆಕ್ಕಕ್ಕೆ ಬರುವುದಿಲ್ಲವಂತೆ. ಎಲ್ಲ ಸೇರಿ ಮೊದಲಿನ ಎರಡರಷ್ಟಾಯಿತು.

ಕ್ಯಾಲೊರಿ ಸರಿಹೋಯಿತು, ಪ್ರೊಟೀನ್ ಹೋಗಲಿಲ್ಲ. ಅವಳ ತೂಕ 48 ಕಿಲೋ. ಕಿಲೋಗೆ 0.83 ಗ್ರಾಮಿನಂತೆ ದಿನಕ್ಕೆ 40 ಗ್ರಾಂ ಬೇಕು. ಬಂದದ್ದು 26. ಅವತ್ತು ಉಪ್ಸಾರು. ಅಲಸಂದೆ ಕಾಳಿನ ಪಲ್ಯ ಮನೆಯವರಿಗೆಲ್ಲ ಬಡಿಸಿದ್ದಳು. ನನ್ನ ತಟ್ಟೆಗೆ ಎರಡು ಸಲ. ಕೊನೆಗೆ ಕೂತವಳಿಗೆ ಮುದ್ದೆ, ಕಟ್ಟು, ಖಾರ. ಕಾಳು ಎಷ್ಟು ತಿಂದೆ ಎಂದು ನಾಲ್ಕನೆಯ ಹಂತದಲ್ಲಿ ಕೇಳಿದೆ. 'ಇತ್ತಲ್ಲ' ಅಂದಳು. ಎಷ್ಟಿತ್ತು? 'ಇತ್ತು ಕಣ್ಲಾ, ನಿಮಗಾಯ್ತಲ್ಲ.' ಬರೆಯುವ ಖಾನೆಯಲ್ಲಿ ಗ್ರಾಂ ಎಂದಿತ್ತು. ನಾನು ಸೊನ್ನೆ ಹಾಕಿದೆ.

ಫಾರಂ ಮಡಚಿ ಪೆನ್ನಿನ ಮುಚ್ಚಳ ಹಾಕುವಾಗ ಅವಳು ಏಳಲಿಲ್ಲ.

'ನೀನ್ ಏನ್ ತಿಂದೆ ನಿನ್ನೆ?'

ಹೇಳಿದೆ. ಮುದ್ದೆ ಒಂದು, ಅನ್ನ ಸ್ವಲ್ಪ, ಪಲ್ಯ, ಮಜ್ಜಿಗೆ.

'ರಾತ್ರಿ?'

ರಾತ್ರಿ ಚಪಾತಿ ಎರಡು.

'ಆಮೇಕೆ?'

ಆಮೇಲೇನಿಲ್ಲ, ಓದ್ತಾ ಕೂತಿದ್ದೆ ಅಂದೆ. ಅವ್ವ ಎದ್ದು ಅಟ್ಟಣಿಗೆಯ ಸ್ಟೀಲು ಡಬ್ಬ ಇಳಿಸಿ ನನ್ನ ಮುಂದಿಟ್ಟಳು. ಮುಚ್ಚಳ ತೆಗೆಯಲಿಲ್ಲ.

'ಮೊನ್ನೆ ಇಪ್ಪತ್ತೆರಡು ಕೋಡುಬಳೆ ಮಾಡಿದ್ದೆ. ನಿನ್ನ ಮಗಳು ನಾಲ್ಕು, ನಿನ್ನ ಹೆಂಡ್ತಿ ಎರಡು. ಸಂಜೆ ಹದಿನಾರಿತ್ತು. ಬೆಳಗ್ಗೆ ಒಂಬತ್ತು.' ಸೆರಗಿನಿಂದ ಡಬ್ಬದ ಮೇಲಿನ ಹಿಟ್ಟು ಒರೆಸಿದಳು. 'ಇನ್ನೇನಾದ್ರೂ?'